ತಾಮ್ರವೋ ಅಲ್ಯೂಮಿನಿಯಮೋ, ಕಬ್ಬಿಣವೋ ಸ್ಟೀಲೋ: ವೈರಿನಿಂದ ದೋಸೆ ಹೆಂಚಿನವರೆಗೆ ಲೋಹ ಆರಿಸುವ ಬಗೆ

ತಾಮ್ರ ಎಂದರೆ ಮೇಲು, ಅಲ್ಯೂಮಿನಿಯಂ ಎಂದರೆ ಅಗ್ಗ, ಸ್ಟೀಲ್ ಎಂದರೆ ಬಾಳಿಕೆ. ವೈರು, ಪಾತ್ರೆ, ಮೋಟರು, ಎಸಿ ಎಲ್ಲವೂ ಅಂಗಡಿಯಲ್ಲಿ ಈ ಲೆಕ್ಕದ ಮೇಲೆಯೇ ಬಿಕರಿಯಾಗುತ್ತವೆ. ಲೆಕ್ಕ ಕೆಲವು ಕಡೆ ಸರಿ, ಕೆಲವು ಕಡೆ ಪೂರ್ತಿ ತಪ್ಪು. ಶಾಖ ಇರಲಿ, ಕರೆಂಟ್ ಇರಲಿ, ಅದು ಸಾಗುವ ದಾರಿಯಲ್ಲಿ ನಿಜವಾದ ಅಡ್ಡಿ ಎಲ್ಲಿದೆ ಎಂದು ಮೊದಲು ನೋಡಬೇಕು. ಅಡ್ಡಿ ಲೋಹದಲ್ಲೇ ಇದ್ದರೆ ತಾಮ್ರಕ್ಕೆ ಸುರಿದ ದುಡ್ಡು ವಸೂಲಾಗುತ್ತದೆ. ಅಡ್ಡಿ ಜಾಯಿಂಟಿನಲ್ಲೋ, ಮಣ್ಣಿನಲ್ಲೋ, ನಡುವೆ ಸಿಕ್ಕ ಗಾಳಿಯಲ್ಲೋ ಇದ್ದರೆ ಲೋಹ ಬದಲಿಸಿ ಏನೂ ಸಿಗುವುದಿಲ್ಲ.

ಮೊದಲು ಅಂಕಿಗಳು

ಕೋಣೆಯ ಉಷ್ಣಾಂಶದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಸುಮಾರು ಮೌಲ್ಯಗಳು ಇವು. ಉಷ್ಣವಾಹಕತೆ ಪ್ರತಿ ಮೀಟರ್, ಪ್ರತಿ ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿದೆ. ವಿದ್ಯುತ್‌ವಾಹಕತೆಯಲ್ಲಿ ತಾಮ್ರವನ್ನು 100 ಎಂದಿಟ್ಟುಕೊಂಡಿದೆ.

| ಲೋಹ | ಉಷ್ಣವಾಹಕತೆ | ವಿದ್ಯುತ್‌ವಾಹಕತೆ |
|---|---|---|
| ಬೆಳ್ಳಿ | 430 | 105 |
| ತಾಮ್ರ | 400 | 100 |
| ಚಿನ್ನ | 315 | 70 |
| ಅಲ್ಯೂಮಿನಿಯಂ | 235 | 62 |
| ಹಿತ್ತಾಳೆ (30% ಸತು) | 120 | 28 |
| ಶುದ್ಧ ಕಬ್ಬಿಣ | 80 | 17 |
| ಮೈಲ್ಡ್ ಸ್ಟೀಲ್ | 50 | 11 |
| ಬೀಡು ಕಬ್ಬಿಣ | 50 | 2ರಿಂದ 3 |
| ಸ್ಟೇನ್‌ಲೆಸ್ ಸ್ಟೀಲ್ 304 | 16 | 2.4 |
| ನೈಕ್ರೋಮ್ (ಹೀಟರ್ ತಂತಿಯ ಲೋಹ) | 12 | 1.6 |

ಎರಡು ಕಾಲಂಗಳೂ ಜೊತೆಜೊತೆಯಾಗಿ ಇಳಿಯುವುದಕ್ಕೆ ಕಾರಣವಿದೆ. ಲೋಹದಲ್ಲಿ ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಓಡಾಡುವ ಎಲೆಕ್ಟ್ರಾನುಗಳಿವೆ. ಕರೆಂಟನ್ನು ಹೊರುವುದೂ ಅವೇ, ಶಾಖದ ಬಹುಪಾಲನ್ನು ಹೊರುವುದೂ ಅವೇ. ಉಷ್ಣಾಂಶ ಒಂದೇ ಆಗಿದ್ದರೆ ಈ ಎರಡು ವಾಹಕತೆಗಳ ಅನುಪಾತ ಬೇರೆ ಬೇರೆ ಲೋಹಗಳಲ್ಲೂ ಹೆಚ್ಚುಕಡಿಮೆ ಒಂದೇ ಬರುತ್ತದೆ ಎಂದು ಜರ್ಮನಿಯ ಗುಸ್ತಾವ್ ವೀಡೆಮನ್ ಮತ್ತು ರುಡಾಲ್ಫ್ ಫ್ರಾಂಜ್ 1853ರಲ್ಲೇ ತೋರಿಸಿದ್ದರು. ಪಟ್ಟಿಯಲ್ಲಿ ಈ ಸಾಲನ್ನು ಎಲ್ಲಕ್ಕಿಂತ ಹೆಚ್ಚು ತಪ್ಪಿಸಿಕೊಂಡಿರುವುದು ಬೀಡು. ಅದರೊಳಗಿನ ಗ್ರಾಫೈಟ್ ಪದರಗಳು ಶಾಖವನ್ನು ಬೇರೆ ದಾರಿಯಲ್ಲಿ, ಅಂದರೆ ಪರಮಾಣುಗಳ ಕಂಪನದಿಂದ ಸಾಗಿಸುತ್ತವೆ.

ಬೆರಕೆಯ ಪರಿಣಾಮ ಅಂದಾಜಿಗೆ ಸಿಗುವಂಥದ್ದಲ್ಲ. ಸತುವಿನ ವಿದ್ಯುತ್‌ವಾಹಕತೆ ತಾಮ್ರದ ಸುಮಾರು 28%. ಹಾಗಾದರೆ 70 ಪಾಲು ತಾಮ್ರಕ್ಕೆ 30 ಪಾಲು ಸತು ಸೇರಿಸಿದರೆ ಸರಾಸರಿ 78 ಬರಬೇಕಲ್ಲ? ಬರುವುದು ಬರೀ 28. ಅಚ್ಚುಕಟ್ಟಾಗಿ ಜೋಡಿಸಿಕೊಂಡ ತಾಮ್ರದ ಪರಮಾಣುಗಳ ನಡುವೆ ಬೇರೆ ಗಾತ್ರದ ಪರಮಾಣು ಬಂದು ಕೂತರೆ ಎಲೆಕ್ಟ್ರಾನುಗಳು ಹೆಜ್ಜೆಹೆಜ್ಜೆಗೂ ಚದುರುತ್ತವೆ. ಎಸಿ ಪೈಪಿನ ತಾಮ್ರದಲ್ಲಿ ಬೆಸುಗೆಗೆ ಅನುಕೂಲವಾಗಲೆಂದು 0.04% ಮೀರದಷ್ಟು ರಂಜಕ ಬಿಟ್ಟಿರುತ್ತಾರೆ. ಅಷ್ಟಕ್ಕೇ ಅದರ ವಾಹಕತೆ ವೈರಿನ ತಾಮ್ರಕ್ಕಿಂತ 15ರಿಂದ 20% ಕಡಿಮೆ. ಗುಜರಿ ತಾಮ್ರ ಕರಗಿಸಿ ಎಳೆದ ವೈರು ನೋಡಲು ಕೆಂಪಗಿದ್ದರೂ ಬಿಸಿಯಾಗುವುದೇಕೆ ಎಂಬುದಕ್ಕೂ ಇದೇ ಉತ್ತರ.

ಇನ್ನೊಂದು ಅಂಕಿ ನೆನಪಿರಲಿ: ತಾಮ್ರದ ಉಷ್ಣಾಂಶ ಒಂದು ಡಿಗ್ರಿ ಏರಿದರೆ ರೋಧ ಸುಮಾರು 0.39% ಏರುತ್ತದೆ. ಪೈಪಿನೊಳಗೆ ಇಕ್ಕಟ್ಟಿನಲ್ಲಿ 70 ಡಿಗ್ರಿಗೆ ಕಾದ ವೈರಿನ ರೋಧ 20 ಡಿಗ್ರಿಯಲ್ಲಿದ್ದುದಕ್ಕಿಂತ ಐದನೇ ಒಂದು ಭಾಗ ಹೆಚ್ಚು.

ಮನೆ ವೈರಿಂಗ್: ತಾಮ್ರ, ಆದರೆ ಎಲ್ಲರೂ ಹೇಳುವ ಕಾರಣಕ್ಕಲ್ಲ

ಅಲ್ಯೂಮಿನಿಯಂ ಕರೆಂಟ್ ಹರಿಸುವುದಿಲ್ಲ ಎನ್ನುವುದು ಸುಳ್ಳು. ಒಂದು ಸೈಜ್ ದಪ್ಪ ತೆಗೆದುಕೊಂಡರೆ ಅದು ತಾಮ್ರಕ್ಕೆ ಸಮ. ಮಾನಕದ ಪ್ರಕಾರ ಒಂದು ಕಿಲೋಮೀಟರ್ ಉದ್ದಕ್ಕೆ ಇರಬಹುದಾದ ಗರಿಷ್ಠ ರೋಧ ನೋಡಿ: 2.5 ಚದರ ಮಿ.ಮೀ. ತಾಮ್ರಕ್ಕೆ 7.41 ಓಮ್, 4 ಚದರ ಮಿ.ಮೀ. ಅಲ್ಯೂಮಿನಿಯಮಿಗೂ 7.41 ಓಮ್. 4ರ ತಾಮ್ರ ಮತ್ತು 6ರ ಅಲ್ಯೂಮಿನಿಯಂ ಎರಡಕ್ಕೂ 4.61. 10ರ ತಾಮ್ರಕ್ಕೆ 1.83, 16ರ ಅಲ್ಯೂಮಿನಿಯಮಿಗೆ 1.91. ತಾಮ್ರದ ಸಾಂದ್ರತೆ 8.96, ಅಲ್ಯೂಮಿನಿಯಮಿನದು 2.7. ಹಾಗಾಗಿ ದಪ್ಪ ಹೆಚ್ಚಾದರೂ ತೂಕ ಅರ್ಧಕ್ಕಿಂತ ಕಡಿಮೆ.

ತೊಂದರೆ ಇರುವುದು ತುದಿಯಲ್ಲಿ, ಸ್ಕ್ರೂ ಬಿಗಿಯುವ ಜಾಗದಲ್ಲಿ. ಅಲ್ಯೂಮಿನಿಯಮಿನ ಮೈ ಗಾಳಿಗೆ ಒಡ್ಡಿದ ಕ್ಷಣವೇ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ತಾಮ್ರದ ಆಕ್ಸೈಡ್ ಸ್ವಲ್ಪವಾದರೂ ಕರೆಂಟ್ ಬಿಡುತ್ತದೆ, ಅಲ್ಯೂಮಿನಿಯಮಿನದು ಗಟ್ಟಿ ಅವಾಹಕ. ಎರಡನೆಯದು ಹಿಗ್ಗುವಿಕೆ. ಒಂದು ಡಿಗ್ರಿಗೆ ಅಲ್ಯೂಮಿನಿಯಂ ಹತ್ತು ಲಕ್ಷಕ್ಕೆ 23 ಪಾಲು, ತಾಮ್ರ 17, ಉಕ್ಕು 12 ಪಾಲು ಹಿಗ್ಗುತ್ತದೆ. ಗೀಸರ್ ಹಾಕಿದಾಗ ತುದಿ ಹಿಗ್ಗಿ ಸ್ಕ್ರೂವಿನಡಿ ಚಪ್ಪಟೆಯಾಗುತ್ತದೆ, ಆರಿಸಿದಾಗ ಕುಗ್ಗುತ್ತದೆ, ಆದರೆ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಒತ್ತಡ ಬಿದ್ದ ಕಡೆ ಮೆತ್ತಗೆ ಜರುಗಿಕೊಳ್ಳುವುದು ಈ ಲೋಹದ ಗುಣ. ದಿನದಿನವೂ ಹೀಗೆ ನಡೆದು ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಮೂರನೆಯದು ತೇವ: ಹಿತ್ತಾಳೆ ಅಥವಾ ತಾಮ್ರದ ಜೊತೆ ನೇರ ಸ್ಪರ್ಶದಲ್ಲಿದ್ದರೆ ಸ್ವಲ್ಪ ತೇವಕ್ಕೇ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ.

ಸಡಿಲ ಜಾಯಿಂಟ್ ಎಷ್ಟು ಕೆಟ್ಟದ್ದು ಎಂದು ಲೆಕ್ಕ ಹಾಕಬಹುದು. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ತುದಿಯಲ್ಲಿ ಬರೀ 0.1 ಓಮ್ ರೋಧ ಹುಟ್ಟಿಕೊಂಡರೆ ಅಲ್ಲೇ 17 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಸಾಕೆಟ್ಟಿನೊಳಗೆ ಬಿಟ್ಟುಹೋದಂತೆ. ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, ಅಂದರೆ ಎಂಸಿಬಿ, ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಕರೆಂಟ್ ಮಾಮೂಲಿಯಾಗಿಯೇ ಇದೆ. 1960ರ ದಶಕದ ಕೊನೆ ಮತ್ತು 70ರ ದಶಕದ ಆರಂಭದಲ್ಲಿ ತಾಮ್ರ ದುಬಾರಿಯಾದಾಗ ಅಮೆರಿಕದಲ್ಲಿ ಮನೆಗಳ ಒಳಗೂ ಅಲ್ಯೂಮಿನಿಯಂ ವೈರು ಎಳೆದರು. 1972ಕ್ಕೆ ಮುಂಚಿನ ಅಂಥ ಮನೆಗಳಲ್ಲಿ ಜಾಯಿಂಟುಗಳು ಬೆಂಕಿ ಹೊತ್ತುವ ಸ್ಥಿತಿಗೆ ಬರುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚೆಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಪ್ರಕಟಿಸಿದೆ. ಕೆಟ್ಟದ್ದು ವೈರಿನ ಉದ್ದವಲ್ಲ, ಅದರ ತುದಿಗಳು.

ಹಾಗಾಗಿ ಮನೆಯೊಳಗೆ, ನೂರಾರು ಸಣ್ಣ ಸ್ಕ್ರೂಗಳಿರುವ ಕಡೆ, ತಾಮ್ರವೇ ಸರಿ. ಲೈಟಿಗೆ 1.5, ಮಾಮೂಲಿ ಪವರ್ ಪಾಯಿಂಟಿಗೆ 2.5, 3 ಕಿಲೋವ್ಯಾಟ್ ಗೀಸರ್ ಅಥವಾ ಎಸಿಗೆ 4 ಚದರ ಮಿ.ಮೀ. ಹಾಕಿದರೆ ಮುಂದೆ ಯೋಚನೆಯಿಲ್ಲ. ಕಂಬದಿಂದ ಮೀಟರಿಗೆ, ಮೀಟರಿನಿಂದ ಮೇನ್ ಬೋರ್ಡಿಗೆ ಬರುವ ದಪ್ಪ ಕೇಬಲ್ ಅಲ್ಯೂಮಿನಿಯಂ ಇದ್ದರೆ ಹೆದರಬೇಕಿಲ್ಲ. ಅಲ್ಲಿ ತುದಿಗಳು ಕೆಲವೇ. 16 ಚದರ ಮಿ.ಮೀ. ತೆಗೆದುಕೊಂಡು, ತುದಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಿ, ತಕ್ಷಣ ಲಗ್ (ತುದಿಗೆ ತೊಡಿಸುವ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡಬೇಕು, ಅಂದರೆ ಒತ್ತಿ ಬಿಗಿಯಬೇಕು. ಬೋರ್ಡಿನೊಳಗಿನ ತಾಮ್ರದ ಪಟ್ಟಿಗೆ (ಬಸ್‌ಬಾರ್) ಕೂಡಿಸುವುದಾದರೆ ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಬೈಮೆಟಲ್ ಲಗ್ಗನ್ನೇ ಕೇಳಿ. ಬರೀ ವೈರು ಸುತ್ತಿ ಟೇಪ್ ಹೊಡೆಯುವುದು ಬೇಡವೇ ಬೇಡ.

ಮಾರುಕಟ್ಟೆಯಲ್ಲಿ ನಿಜಕ್ಕೂ ಎಚ್ಚರ ಬೇಕಾದದ್ದು ಸಿಸಿಎ ವೈರಿನ ಬಗ್ಗೆ: ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಹೊದಿಕೆ. ತಾಮ್ರದ ಸೈಜಿನ ಲೆಕ್ಕದಲ್ಲಿ ಮಾರಿದರೆ ಅದು ಮೋಸವೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ. ಅದಕ್ಕಿಂತ ಸುಲಭ ತಕ್ಕಡಿ. 90 ಮೀಟರಿನ 2.5ರ ಕಾಯಿಲಿನಲ್ಲಿ ತಾಮ್ರವೊಂದೇ 1.8ರಿಂದ 2 ಕೆ.ಜಿ. ಇರಬೇಕು, ಮೇಲಿನ ಪಿವಿಸಿ ಸೇರಿ ಎರಡೂವರೆ ಕೆ.ಜಿ. ದಾಟುತ್ತದೆ. ಸಿಸಿಎ ಆಗಿದ್ದರೆ ಒಟ್ಟು ಒಂದೂಮುಕ್ಕಾಲು ಕೆ.ಜಿ.ಯ ಒಳಗೇ ನಿಲ್ಲುತ್ತದೆ.

ಹೊಲದಲ್ಲಿ: ಮೇಲೆ ಅಲ್ಯೂಮಿನಿಯಂ, ಬೋರಿನೊಳಗೆ ತಾಮ್ರ

ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಬೋರ್‌ವೆಲ್‌ವರೆಗೆ 200 ಮೀಟರ್, 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪು, ಮೂರು ಫೇಸು, ಸುಮಾರು 9 ಆಂಪಿಯರ್. ವೋಲ್ಟೇಜ್ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಹೀಗೆ: 1.73ನ್ನು ಆಂಪಿಯರಿನಿಂದ, ಒಂದು ಎಳೆಯ ರೋಧದಿಂದ, 0.85 ಪವರ್ ಫ್ಯಾಕ್ಟರಿನಿಂದ ಗುಣಿಸಿ. 4ರ ಅಲ್ಯೂಮಿನಿಯಂ ಹಾಕಿದರೆ ಸುಮಾರು 20 ವೋಲ್ಟ್ ಬೀಳುತ್ತದೆ, ಅಂದರೆ 415ರಲ್ಲಿ 4.7%. 6 ಹಾಕಿದರೆ 12 ವೋಲ್ಟ್. 10 ಹಾಕಿದರೆ 8 ವೋಲ್ಟ್, 2%. ಬಿಸಿಲಿಗೆ ಕಾದ ಕೇಬಲ್ಲಿನಲ್ಲಿ ಇದರ ಮೇಲೆ ಶೇಕಡ 15ರಿಂದ 20 ಸೇರಿಸಿಕೊಳ್ಳಿ. ಹಳ್ಳಿಯ ಲೈನಿನಲ್ಲಿ ಮೊದಲೇ ವೋಲ್ಟೇಜ್ ಕಮ್ಮಿ. ಕೇಬಲ್ಲಿನಲ್ಲೂ 20 ವೋಲ್ಟ್ ಕಳೆದರೆ ಮೋಟರು ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆದು ವೈಂಡಿಂಗ್ ಸುಡುತ್ತದೆ. ಇಲ್ಲಿ 6 ಸಾಕು, 10 ಹಾಕಿದರೆ ಒಳ್ಳೆಯದು.

ಇದೇ ಕೆಲಸಕ್ಕೆ 4ರ ತಾಮ್ರ ಹಾಕಿದರೂ 6ರ ಅಲ್ಯೂಮಿನಿಯಮಿನಷ್ಟೇ ಬೀಳುವುದು. ಆದರೆ ಮೂರು ಎಳೆಯ 200 ಮೀಟರಿಗೆ ತಾಮ್ರ 21 ಕೆ.ಜಿ. ಮೇಲೆ ಬೇಕು, ಅಲ್ಯೂಮಿನಿಯಂ 10 ಕೆ.ಜಿ. ಒಳಗೇ ಆಗುತ್ತದೆ, ಕೆ.ಜಿ.ಗೆ ಬೆಲೆಯೂ ಎಷ್ಟೋ ಕಡಿಮೆ. ಹೊಲದಲ್ಲಿ ತಾಮ್ರದ ಕೇಬಲ್ ಎಳೆದರೆ ರಾತ್ರಿ ಕಾವಲು ಕಾಯುವ ಕೆಲಸವೂ ಸೇರಿಕೊಳ್ಳುತ್ತದೆ. ಎರಡೇ ತುದಿಗಳಿರುವ ಉದ್ದ ದಾರಿಗೆ ಅಲ್ಯೂಮಿನಿಯಂ ಜಾಣತನದ ಆಯ್ಕೆ.

ಬೋರಿನೊಳಗೆ ಇಳಿಯುವ ಚಪ್ಪಟೆ ಕೇಬಲ್ ಮಾತ್ರ ತಾಮ್ರದ್ದೇ ಆಗಿರಬೇಕು. ನೀರಿನಡಿ ಅಲ್ಯೂಮಿನಿಯಂ ಕೇಬಲ್ಲಿನ ಹೊದಿಕೆಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ಒಳಗಿನ ಲೋಹ ಪುಡಿಯಾಗುತ್ತ ಹೋಗುತ್ತದೆ. ಜಾಯಿಂಟ್ ಕೆಟ್ಟರೆ ಇಡೀ ಪೈಪ್‌ಲೈನ್ ಮೇಲೆತ್ತಬೇಕು. ಉಳಿತಾಯದ ದುಪ್ಪಟ್ಟು ಒಂದೇ ಸಲಕ್ಕೆ ಹೋಯಿತು.

ಮೋಟರ್ ವೈಂಡಿಂಗಿಗೂ ತಾಮ್ರವೇ ಬೇಕು, ಆದರೆ ಅಲ್ಲಿನ ಕಾರಣವೇ ಬೇರೆ. ಸ್ಟೇಟರಿನಲ್ಲಿ (ಮೋಟರಿನ ತಿರುಗದ ಭಾಗದಲ್ಲಿ) ತಂತಿ ಕೂರುವ ಸ್ಲಾಟು ಇಷ್ಟೇ ಅಗಲ ಎಂದು ನಿಗದಿಯಾಗಿರುತ್ತದೆ. ಅಲ್ಯೂಮಿನಿಯಮಿನ ಕೊರತೆ ತುಂಬಲು 1.6 ಪಟ್ಟು ಅಡ್ಡಸೀಳಿನ ತಂತಿ ಬೇಕು, ಅದಕ್ಕೆ ಸ್ಲಾಟಿನಲ್ಲಿ ಜಾಗವಿಲ್ಲ. ಅದೇ ದಪ್ಪದ ತಂತಿ ಹಾಕಿದರೆ ವೈಂಡಿಂಗಿನ ನಷ್ಟ 1.6 ಪಟ್ಟು. ರೀವೈಂಡಿಂಗ್‌ಗೆ ಕೊಡುವಾಗ ಹಳೆ ತಂತಿಯ ತೂಕ ಬರೆಸಿಕೊಂಡು, ಹೊಸ ತಂತಿಯ ಗೇಜು ಮತ್ತು ಸುತ್ತುಗಳ ಸಂಖ್ಯೆ ಅದೇ ಇದೆಯೇ ಎಂದು ಕೇಳುವುದು ಒಳ್ಳೆಯದು. ಟ್ರಾನ್ಸ್‌ಫಾರ್ಮರಿನಲ್ಲಿ ಹಾಗಲ್ಲ, ಅದನ್ನು ತುಸು ದೊಡ್ಡದಾಗಿ ಕಟ್ಟಿದರಾಯಿತು. ಹಾಗಾಗಿ ವಿತರಣಾ ಟ್ರಾನ್ಸ್‌ಫಾರ್ಮರುಗಳಲ್ಲಿ ಅಲ್ಯೂಮಿನಿಯಂ ವೈಂಡಿಂಗ್ ಮಾಮೂಲು. ಅದನ್ನು ಕಳಪೆ ಎನ್ನುವುದು ತಪ್ಪು.

ಕಂಬದ ಮೇಲಿನ ಲೈನಿನಲ್ಲಿ ಅಲ್ಯೂಮಿನಿಯಮಿಗೆ ಎದುರಾಳಿಯೇ ಇಲ್ಲ. ತೂಕ ಹೊರಲು ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳು. ರ‍್ಯಾಬಿಟ್ ಎಂದು ಕರೆಯುವ ಕಂಡಕ್ಟರಿನಲ್ಲಿ ಒಂದು ಉಕ್ಕಿನ ಎಳೆ, ಆರು ಅಲ್ಯೂಮಿನಿಯಂ ಎಳೆ, ಎಲ್ಲವೂ 3.35 ಮಿ.ಮೀ. ವ್ಯಾಸ. ಈ ಲೈನಿಗೆ ತಾಮ್ರದ ತಂತಿ ಕೂಡಿಸಬೇಕಾಗಿ ಬಂದರೆ ತಾಮ್ರ ಯಾವಾಗಲೂ ಕೆಳಗಿರಲಿ. ಮೇಲಿದ್ದರೆ ಮಳೆನೀರು ಕಿಲುಬನ್ನು ತೊಳೆದು ಅಲ್ಯೂಮಿನಿಯಮಿನ ಮೇಲೆ ಸುರಿಸುತ್ತದೆ, ಅಲ್ಲಿಂದ ಸವೆತ ಶುರು.

ಬೆಳ್ಳಿಗೆ ಇಷ್ಟೆಲ್ಲದರ ನಡುವೆ ಒಂದೇ ಒಂದು ಜಾಗ: ಸ್ಟಾರ್ಟರಿನ ಕಾಂಟ್ಯಾಕ್ಟುಗಳು. ತಾಮ್ರಕ್ಕಿಂತ 5% ಹೆಚ್ಚು ವಾಹಕತೆಗಾಗಿ ಅದನ್ನು ಅಲ್ಲಿ ಹಾಕುವುದಿಲ್ಲ. ಕಪ್ಪಾದ ಮೇಲೂ ಬೆಳ್ಳಿ ಕರೆಂಟ್ ಬಿಡುತ್ತದೆ, ಅದಕ್ಕೆ. ಆದ್ದರಿಂದ ಬೆಳ್ಳಿ ಮಿಶ್ರಲೋಹದ ಕಾಂಟ್ಯಾಕ್ಟ್ ಕಪ್ಪಾಗಿದೆ ಎಂದು ಅರ ಹಾಕಿ ಉಜ್ಜಬಾರದು. ತೆಳ್ಳಗಿನ ಬೆಳ್ಳಿಯೇ ಹೋಗಿ ಅಡಿಯ ಲೋಹ ಉಳಿಯುತ್ತದೆ, ಆಮೇಲೆ ವಾರಕ್ಕೊಮ್ಮೆ ಅಂಟಿಕೊಳ್ಳುವ ಸ್ಟಾರ್ಟರ್ ನಿಮ್ಮ ಪಾಲಿಗೆ. ಗುಳಿ ಬಿದ್ದಿದ್ದರೆ ಕಾಂಟ್ಯಾಕ್ಟ್ ಸೆಟ್ಟನ್ನೇ ಬದಲಿಸಿ.

ಅರ್ಥಿಂಗ್: ತಾಮ್ರದ ಪ್ಲೇಟಿಗೆ ದುಡ್ಡು ಹಾಕುವ ಮುನ್ನ

ತಾಮ್ರ ಹಾಕಿದರೆ ಅರ್ಥಿಂಗ್ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಬಹಳ ಗಟ್ಟಿ. ಲೆಕ್ಕ ಅದನ್ನು ಒಪ್ಪುವುದಿಲ್ಲ. 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ರೋಧಶೀಲತೆ 100 ಓಮ್-ಮೀಟರ್ ಇರುವ ಮಣ್ಣಿನಲ್ಲಿ ಹೂತರೆ ಭೂಮಿಗೆ ಸಿಗುವ ರೋಧ ಸುಮಾರು 33 ಓಮ್. ಅದರಲ್ಲಿ ಪೈಪಿನ ಸ್ವಂತ ಪಾಲು ಒಂದು ಓಮಿನ ಸಾವಿರದ ಒಂದಂಶದಷ್ಟು. ಉಳಿದಿದ್ದೆಲ್ಲ ಮಣ್ಣಿನದು. ತಾಮ್ರ ಹಾಕಿದರೆ ಆ ಸಾವಿರದ ಒಂದಂಶ ಇನ್ನೂ ಕಡಿಮೆಯಾಗುತ್ತದೆ, 33 ಅಲ್ಲೇ ಇರುತ್ತದೆ.

ದುಡ್ಡನ್ನು ಮಣ್ಣಿಗೆ ಹಾಕಬೇಕು. ಆಳ ಹೆಚ್ಚಿಸಿ, ಸುತ್ತ ಬೆಂಟೊನೈಟ್ ಎಂಬ ಜೇಡಿಮಣ್ಣು ಅಥವಾ ಇದ್ದಿಲು-ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹೊಯ್ಯಲು ಮೇಲೊಂದು ಫನಲ್ ಬಿಡಿ. ಇನ್ನೂ ಇಳಿಯಬೇಕಾದರೆ ಮೊದಲನೆಯದರಿಂದ 5 ಮೀಟರ್ ದೂರದಲ್ಲಿ ಎರಡನೇ ಪೈಪು ಹಾಕಿ ಕೂಡಿಸಿ. ಹತ್ತಿರದಲ್ಲೇ ಹೂತರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಂಡು ಲಾಭ ಅರ್ಧವಾಗುತ್ತದೆ. ಉಪ್ಪು ಜಿಐ ಪೈಪನ್ನು ತಿನ್ನುತ್ತದೆ ಎಂಬುದೂ ಗೊತ್ತಿರಲಿ, ಆ ಕಾರಣಕ್ಕೆ ಬೆಂಟೊನೈಟ್ ಮೇಲು. ಕರಾವಳಿಯ ಉಪ್ಪು ಮಣ್ಣಿನಲ್ಲಿ ತಾಮ್ರಕ್ಕೆ ನಿಜವಾದ ಲಾಭವಿದೆ, ಅದು ಬಾಳಿಕೆಯ ಲಾಭ. ಆದರೆ ಪಕ್ಕದಲ್ಲಿ ಕಬ್ಬಿಣದ ನೀರಿನ ಪೈಪು ಹೂತಿದ್ದು ಎರಡೂ ಎಲ್ಲೋ ಕೂಡಿಕೊಂಡಿದ್ದರೆ, ತಾಮ್ರ ತಾನು ಉಳಿದು ಆ ಪೈಪನ್ನು ಬೇಗ ತೂತು ಮಾಡಿಸುತ್ತದೆ.

ಅಡುಗೆಮನೆ: ವಾಹಕತೆಯನ್ನು ದಪ್ಪದಿಂದ ಗುಣಿಸಿ

ನೀರು ಕಾಯಿಸಲು ಲೋಹ ಯಾವುದಾದರೂ ಒಂದೇ. ಗ್ಯಾಸ್ ಒಲೆಯಿಂದ ಪಾತ್ರೆಗೆ ನಿಜವಾಗಿ ಸೇರುವ ಶಾಖ 1.2 ಕಿಲೋವ್ಯಾಟ್, ತಳ 20 ಸೆಂ.ಮೀ. ಅಗಲ ಎಂದಿಟ್ಟುಕೊಳ್ಳಿ. 1 ಮಿ.ಮೀ. ಸ್ಟೇನ್‌ಲೆಸ್ ತಳದ ಹೊರಮೈಗೂ ಒಳಮೈಗೂ ಇರುವ ವ್ಯತ್ಯಾಸ ಬರೀ ಎರಡೂವರೆ ಡಿಗ್ರಿ. ತಾಮ್ರವಾದರೆ 0.1 ಡಿಗ್ರಿ. ಸಾವಿರ ಡಿಗ್ರಿ ಮೀರಿದ ಉರಿಯಿಂದ ಪಾತ್ರೆಯ ತಳಕ್ಕೆ ಶಾಖ ದಾಟುವ ಜಾಗವೇ ಇಲ್ಲಿ ಇಕ್ಕಟ್ಟು. ಬಚ್ಚಲ ಹಂಡೆ ತಾಮ್ರದ್ದಾದರೆ ಸೌದೆ ಉಳಿಯುತ್ತದೆ ಎನ್ನುವುದಕ್ಕೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಒಲೆಯ ಹೊಗೆದಾರಿ, ತಳದ ಮಸಿ, ಮುಚ್ಚಳ, ಇವು ಲೋಹಕ್ಕಿಂತ ಹೆಚ್ಚು ಸೌದೆ ಉಳಿಸುತ್ತವೆ.

ಪಾಯಸ, ಹಲ್ವ, ಗೊಜ್ಜು, ಹಾಲು ಇವುಗಳ ವಿಷಯ ಬೇರೆ. ಅಲ್ಲಿ ಬೇಕಾದದ್ದು ಶಾಖ ಅಡ್ಡಡ್ಡ ಹರಡುವುದು, ಬರ್ನರಿನ ಉರಿ ಬಿದ್ದ ಉಂಗುರದಲ್ಲಷ್ಟೇ ತಳ ಹಿಡಿಯದಿರುವುದು. ಇದಕ್ಕೆ ವಾಹಕತೆಯನ್ನು ಮಿಲಿಮೀಟರ್ ದಪ್ಪದಿಂದ ಗುಣಿಸಿದ ಅಂಕ ಚೆನ್ನಾಗಿ ಉತ್ತರ ಕೊಡುತ್ತದೆ. 0.7 ಮಿ.ಮೀ. ಒಂಟಿ ಸ್ಟೀಲ್ ಪಾತ್ರೆಗೆ 11. 4.5 ಮಿ.ಮೀ. ಬೀಡಿಗೆ 225. ನಡುವೆ 1.7 ಮಿ.ಮೀ. ಅಲ್ಯೂಮಿನಿಯಂ, ಎರಡೂ ಬದಿ ಸ್ಟೀಲ್ ಇರುವ ಟ್ರೈಪ್ಲೈಗೆ 400. ಒಂದೂವರೆ ಮಿ.ಮೀ. ತಾಮ್ರಕ್ಕೆ 600. ಅಡಿಯಲ್ಲಿ 4 ಮಿ.ಮೀ. ಅಲ್ಯೂಮಿನಿಯಂ ಬಿಲ್ಲೆ ಒತ್ತಿ ಕೂರಿಸಿದ ಸ್ಟೀಲ್ ಪಾತ್ರೆಗೆ 900 ಮೀರುತ್ತದೆ. ಇನ್ನು ಸ್ಟೀಲ್ ತಳಕ್ಕೆ ತಾಮ್ರದ ಬಣ್ಣ ಕಾಣುವಷ್ಟೇ ಲೇಪ ಕೊಟ್ಟ ಪಾತ್ರೆ ಇದೆಯಲ್ಲ, 0.05 ಮಿ.ಮೀ. ಲೇಪದಿಂದ ಅದಕ್ಕೆ ಸೇರುವುದು 20. ಅದು ನೋಟಕ್ಕೆ ಮಾತ್ರ. ತಳದ ಅಂಚಿನಲ್ಲಿ ಪದರದ ದಪ್ಪ ಕಣ್ಣಿಗೆ ಕಾಣದಿದ್ದರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಡಿ.

ಬಿಲ್ಲೆ ತಳದ ಪಾತ್ರೆಗೂ ಒಂದು ದೋಷವಿದೆ. ಬಿಲ್ಲೆಯ ಅಂಚು ಮುಗಿದ ಕಡೆ ಒಂಟಿ ಸ್ಟೀಲ್ ಶುರುವಾಗುತ್ತದೆ, ಉರಿ ದೊಡ್ಡದಾಗಿದ್ದರೆ ಆ ಗೆರೆಗೆ ಸರಿಯಾಗಿ ಸೀದ ಉಂಗುರ ಬೀಳುತ್ತದೆ. ಟ್ರೈಪ್ಲೈಯಲ್ಲಿ ಪದರ ಗೋಡೆಯವರೆಗೂ ಹೋಗುವುದರಿಂದ ಹಾಲು ಕಾಯಿಸಿ ಇಂಗಿಸುವವರಿಗೆ ಅದೇ ಮೇಲು. ಸಾರು, ಹುಳಿ ಮಾಡುವವರು ಬಿಲ್ಲೆ ತಳದಲ್ಲೇ ನೆಮ್ಮದಿಯಾಗಿರಬಹುದು.

ದೋಸೆಗೆ ಬಂದರೆ ಈ ಅಂಕವೂ ಸೋಲುತ್ತದೆ. ಅಲ್ಲಿ ಬೇಕಿರುವುದು ಹರಡುವಿಕೆಯಷ್ಟೇ ಅಲ್ಲ, ಸಂಗ್ರಹವೂ ಬೇಕು. 90 ಗ್ರಾಂ ಹಿಟ್ಟನ್ನು 30 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 22 ಕಿಲೋಜೂಲ್ ಬೇಕು. ಅಷ್ಟೂ ಹೆಂಚಿನಿಂದಲೇ ಬಂತೆಂದರೆ 2 ಕೆ.ಜಿ. ಬೀಡಿನ ಹೆಂಚು 24 ಡಿಗ್ರಿ ತಣಿಯುತ್ತದೆ, 700 ಗ್ರಾಂ ನಾನ್‌ಸ್ಟಿಕ್ ಅಲ್ಯೂಮಿನಿಯಂ ಹೆಂಚು 35 ಡಿಗ್ರಿ ತಣಿಯುತ್ತದೆ. ಹೊಟೇಲಿನಲ್ಲಿ ದಪ್ಪ ಕಬ್ಬಿಣದ ಹಲಗೆ ಇಡುವುದು ಇದಕ್ಕೇ. ಒಂದರ ಹಿಂದೆ ಒಂದು ಹುಯ್ದರೂ ಗರಿ ಉಳಿಯುತ್ತದೆ.

ಬೀಡಿಗೆ ತಾಳ್ಮೆ ಬೇಕು. ಉರಿ ಬಿದ್ದ ಜಾಗದಿಂದ 8 ಸೆಂ.ಮೀ. ಆಚೆಯ ಅಂಚಿಗೆ ಶಾಖ ತಲುಪಲು ಬೀಡಿನಲ್ಲಿ 7ರಿಂದ 8 ನಿಮಿಷ, ಅಲ್ಯೂಮಿನಿಯಮಿನಲ್ಲಿ ಒಂದು ನಿಮಿಷದ ಆಸುಪಾಸು. ತೆಳು ಸ್ಟೀಲಿನಲ್ಲಿ ಅದು ಅರ್ಧ ಗಂಟೆಯ ಮಾತು, ಅಂದರೆ ಎಂದೂ ಸಮವಾಗುವುದಿಲ್ಲ ಎಂದೇ ಲೆಕ್ಕ. ಹಾಗಾಗಿ ಬೀಡಿನ ಹೆಂಚನ್ನು ಸಣ್ಣ ಉರಿಯಲ್ಲಿ ಎಂಟು ನಿಮಿಷ ಕಾಯಿಸಿ, ಆಮೇಲೆ ಉರಿ ಏರಿಸಿ. ಮೊದಲೇ ದೊಡ್ಡ ಉರಿ ಇಟ್ಟರೆ ನಡುಭಾಗ ಹಿಗ್ಗುತ್ತದೆ, ಅಂಚು ಹಿಗ್ಗುವುದಿಲ್ಲ. ದೋಸೆ ನಡುವೆ ಕರಿ, ಅಂಚಿಗೆ ಬಿಳಿ. ಹೀಗೆ ಕಾದದ್ದಕ್ಕೆ ತಣ್ಣೀರು ಎರಚಿದರೆ ಬಿರುಕೂ ಬಿಡಬಹುದು, ಬೀಡು ಬಾಗುವ ಲೋಹವಲ್ಲ. ಮನೆಯಲ್ಲಿ ದಿನಕ್ಕೆ ನಾಲ್ಕೇ ದೋಸೆ, ಬೆಳಿಗ್ಗೆ ಅವಸರ ಎಂದಾದರೆ 4 ಮಿ.ಮೀ. ಅಲ್ಯೂಮಿನಿಯಂ ಹೆಂಚೇ ನಿಮಗೆ ಸರಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಚಪಾತಿಗೆ 2ರಿಂದ 3 ಮಿ.ಮೀ. ಕಬ್ಬಿಣದ ತವಾ ಸಾಕು. ಹಿಟ್ಟಿನಲ್ಲಿ ನೀರು ಕಡಿಮೆ, ತಣಿಯುವುದೂ ಕಡಿಮೆ.

ತಾಮ್ರ, ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ, ಮಜ್ಜಿಗೆ ಸೋಕಿದರೆ ಕಿಲುಬು. ಅಡುಗೆಗೆ ಬಳಸಿದರೆ ಒಳಗೆ ಕಲಾಯಿ ಬೇಕೇಬೇಕು. ಕಲಾಯಿಯ ತವರ 232 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಕಲಾಯಿ ಪಾತ್ರೆಯನ್ನು ಖಾಲಿಯಾಗಿ ಒಲೆಯ ಮೇಲಿಟ್ಟು ಮರೆಯಬಾರದು, ಅದರಲ್ಲಿ ಒಗ್ಗರಣೆಗೆ ಎಣ್ಣೆಯನ್ನು ಹೊಗೆ ಬರುವಷ್ಟು ಕಾಯಿಸಬಾರದು. ಅಲ್ಯೂಮಿನಿಯಂ ಪಾತ್ರೆಯಲ್ಲೂ ಹುಳಿ ಪದಾರ್ಥ ಇಟ್ಟು ರಾತ್ರಿ ಕಳೆಯುವುದು ಬೇಡ.

ಇಂಡಕ್ಷನ್ ಒಲೆಯಲ್ಲಿ ಇಡೀ ಪಟ್ಟಿ ತಲೆಕೆಳಗಾಗುತ್ತದೆ. ಅಲ್ಲಿ ಪಾತ್ರೆಯ ತಳದಲ್ಲೇ ಕರೆಂಟ್ ಹುಟ್ಟಿ, ತಳದ ರೋಧದಿಂದ ಶಾಖವಾಗಬೇಕು. ತಾಮ್ರ, ಅಲ್ಯೂಮಿನಿಯಮಿನಲ್ಲಿ ರೋಧ ತೀರಾ ಕಡಿಮೆ, ಅವು ಅಯಸ್ಕಾಂತಕ್ಕೂ ಸ್ಪಂದಿಸುವುದಿಲ್ಲ, ಆದ್ದರಿಂದ ಸಾಮಾನ್ಯ ಒಲೆ ಅವನ್ನು ಗುರುತಿಸುವುದೇ ಇಲ್ಲ. ಬೀಡು, ಕಬ್ಬಿಣ, ಅಯಸ್ಕಾಂತ ಅಂಟುವ 430 ದರ್ಜೆಯ ಸ್ಟೀಲ್ ಚೆನ್ನಾಗಿ ಕಾಯುತ್ತವೆ. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಅಯಸ್ಕಾಂತ ಜೇಬಿನಲ್ಲಿರಲಿ: ತಳಕ್ಕೆ ಗಟ್ಟಿಯಾಗಿ ಅಂಟಿದರೆ ತನ್ನಿ, ಜಾರಿದರೆ ಬಿಡಿ.

ಗೀಸರ್ ಮತ್ತು ಎಸಿ

ಗೀಸರಿನ ಎಲಿಮೆಂಟ್ ಹೊದಿಕೆ ತಾಮ್ರವೋ ಇಂಕಲಾಯ್ ಮಿಶ್ರಲೋಹವೋ ಎಂದು ಅಂಗಡಿಯವರು ಬಹಳ ಹೇಳುತ್ತಾರೆ. ಬೋರ್ ನೀರಿನ ಊರಿನಲ್ಲಿ ಆರು ತಿಂಗಳಾದ ಮೇಲೆ ಎರಡರ ಮೇಲೂ ಸುಣ್ಣದ ಪದರ ಕೂರುತ್ತದೆ. ಆ ಪದರದ ಉಷ್ಣವಾಹಕತೆ 1ರಿಂದ 2, ತಾಮ್ರದ್ದು 400. ಎಲಿಮೆಂಟಿನ ಮೈಯ ಒಂದು ಚದರ ಸೆಂ.ಮೀ.ಗೆ 8 ವ್ಯಾಟ್ ಹೊರಬೀಳುತ್ತಿದ್ದರೆ 1 ಮಿ.ಮೀ. ಪದರದಿಂದಲೇ ಮೈಯ ಉಷ್ಣಾಂಶ 40ರಿಂದ 80 ಡಿಗ್ರಿ ಏರುತ್ತದೆ. ಗಡಸು ನೀರಿದ್ದರೆ ತುಕ್ಕಿಗೂ ಬಿಸಿಗೂ ತಾಳುವ ಇಂಕಲಾಯ್ ತೆಗೆದುಕೊಳ್ಳಿ, ಥರ್ಮೋಸ್ಟಾಟನ್ನು 55ರಿಂದ 60 ಡಿಗ್ರಿಯಲ್ಲಿಡಿ, ವರ್ಷಕ್ಕೊಮ್ಮೆ ಎಲಿಮೆಂಟ್ ಬಿಚ್ಚಿ ಪದರ ತೆಗೆಸಿ. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ಎಸಿಯ ಕಂಡೆನ್ಸರಿನಲ್ಲಿ (ಹೊರಗೆ ಶಾಖ ಬಿಡುವ ಭಾಗ) ತಾಮ್ರದ ಪೈಪಿಗೆ ಇರುವ ದೊಡ್ಡ ಅನುಕೂಲ ರಿಪೇರಿ. ಸೋರಿದರೆ ಊರಿನ ಮೆಕ್ಯಾನಿಕ್ ಗ್ಯಾಸ್ ಟಾರ್ಚಿನಲ್ಲಿ ಬೆಸೆಯಬಲ್ಲ. ಅಲ್ಯೂಮಿನಿಯಂ ಸುಲಭಕ್ಕೆ ಬೆಸುಗೆಗೆ ಸಿಗುವುದಿಲ್ಲ, ಬಹಳ ಸಲ ಇಡೀ ಕಾಯಿಲ್ ಬದಲಾಗುತ್ತದೆ. ತಂಪಿನಲ್ಲಿ ವ್ಯತ್ಯಾಸ ಹುಡುಕಬೇಡಿ, ಅಡ್ಡಿ ಇರುವುದು ರೆಕ್ಕೆಗಳಿಂದ ಗಾಳಿಗೆ ಶಾಖ ದಾಟುವ ಕಡೆ. ರೆಕ್ಕೆಗಳ ಧೂಳು ತೊಳೆದರೆ ಸಿಗುವ ಲಾಭ ಲೋಹ ಬದಲಿಸಿ ಸಿಗುವುದಿಲ್ಲ.

ಹೀಟ್‌ಸಿಂಕ್

ಎಲ್‌ಇಡಿ ದೀಪ, ಇನ್ವರ್ಟರ್, ಆಂಪ್ಲಿಫೈಯರ್ ಮಾಡುವವರು ಚಿಪ್ಪಿನ ಶಾಖ ಹೊರಹಾಕುವ ಹೀಟ್‌ಸಿಂಕಿಗೆ ಅಲ್ಯೂಮಿನಿಯಂ ಎಂದಷ್ಟೇ ಕೇಳಿದರೆ ಸಾಲದು, ಯಾವ ಅಲ್ಯೂಮಿನಿಯಂ ಎಂದೂ ಕೇಳಬೇಕು. ಅಚ್ಚಿನಿಂದ ಎಳೆದ 6063 ದರ್ಜೆಯ ಪಟ್ಟಿಗೆ ಉಷ್ಣವಾಹಕತೆ 200ರ ಸುತ್ತ. ಸಿಲಿಕಾನ್ ಹೆಚ್ಚು ಬೆರೆಸಿ ಎರಕ ಹೊಯ್ದ ಎಡಿಸಿ12ಕ್ಕೆ 100 ಕೂಡ ಇಲ್ಲ. ನೋಡಲು ಎರಡೂ ಒಂದೇ ಬೂದು ಬಣ್ಣ. ಎಳೆದ ಪಟ್ಟಿಗೆ ಉದ್ದಕ್ಕೂ ಒಂದೇ ಅಡ್ಡಸೀಳಿನ ಆಕಾರವಿರುತ್ತದೆ, ಎರಕದ್ದಕ್ಕೆ ಮೂಲೆಗಳು ದುಂಡಗಿದ್ದು ಅಚ್ಚಿನ ಪಿನ್ನುಗಳ ಗುರುತಿರುತ್ತದೆ.

ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ 0.1 ಮಿ.ಮೀ. ಗಾಳಿ ಉಳಿದರೆ ಅದು ಒಡ್ಡುವ ತಡೆ ಒಂದೂವರೆ ಮೀಟರ್ ದಪ್ಪದ ತಾಮ್ರ ಒಡ್ಡುವಷ್ಟೇ. ಆದ್ದರಿಂದ ತಾಮ್ರದ ಹೀಟ್‌ಸಿಂಕ್ ಹುಡುಕುವ ಮುನ್ನ ಮೈ ಸಮತಟ್ಟಾಗಿದೆಯೇ ಎಂದು ಸ್ಕೇಲ್ ಇಟ್ಟು ನೋಡಿ, ಸ್ಕ್ರೂ ತೂತಿನ ಸುತ್ತ ಎದ್ದ ಚೂರುಗಳನ್ನು ಅರದಿಂದ ತೆಗೆಯಿರಿ. ಥರ್ಮಲ್ ಪೇಸ್ಟ್ ಗುಂಡಿಗಳನ್ನು ತುಂಬುವಷ್ಟಿದ್ದರೆ ಸಾಕು. ಪೇಸ್ಟಿನ ಉಷ್ಣವಾಹಕತೆ ಸಾಮಾನ್ಯವಾಗಿ 1ರಿಂದ 8. ಗಾಳಿಗಿಂತ ಬಹಳ ಮೇಲು, ಲೋಹಕ್ಕಿಂತ ಬಹಳ ಕಡಿಮೆ. ದಪ್ಪಗೆ ಬಳಿದರೆ ಅದೇ ಹೊಸ ಅಡ್ಡಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಒಮ್ಮೆ ಬಿಚ್ಚಿ ನೋಡಿ: ಪೇಸ್ಟ್ ಎರಡೂ ಮೈಗೆ ಪಾರದರ್ಶಕವೆನ್ನುವಷ್ಟು ತೆಳ್ಳಗೆ, ಎಲ್ಲೂ ಬಿಳಿ ದಿಬ್ಬವಿಲ್ಲದಂತೆ ಹರಡಿರಬೇಕು. ದಿಬ್ಬ ಇದ್ದರೆ ಒರೆಸಿ, ಕಡಿಮೆ ಹಚ್ಚಿ ಮತ್ತೆ ಕೂರಿಸಿ.